ಪರದೇಶಕ್ಕೆ ಹೋದ ಮಗಳು, ಮನೆಯಿಂದ ಹೋದ ಪತ್ರ

ನಮ್ಮ ಜಯಸಿಂಗಪುರದಲ್ಲಿ ರೈಲು ಹತ್ತಿದರೆ ಕೊಲ್ಹಾಪುರ ದೂರವೇನಲ್ಲ. ಅಲ್ಲಿಯ ಸಿ.ಪಿ.ಆರ್. ಆಸ್ಪತ್ರೆಯ ಹೆಸರು ಕೇಳದ ಮನೆ ಈ ಭಾಗದಲ್ಲಿ ಇರಲಾರದು. ಇಂದು ಛತ್ರಪತಿ ಪ್ರಮಿಳಾರಾಜೆ ಅವರ ಹೆಸರಿನಲ್ಲಿರುವ ಈ ಆಸ್ಪತ್ರೆ ಸಂಸ್ಥಾನದ ಕಾಲದಲ್ಲಿ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಎನಿಸಿತ್ತು. 1886ರಲ್ಲಿ ಕೊಲ್ಹಾಪುರ ಸಂಸ್ಥಾನವು ಅದರ ಸ್ತ್ರೀಯರ ವಿಭಾಗಕ್ಕೆ ಒಬ್ಬ ವೈದ್ಯೆಯನ್ನು ನೇಮಿಸಿತು. ಆಕೆಗೆ ಆಗ 21 ವರ್ಷ. ಅಮೇರಿಕದಲ್ಲಿ ಕಲಿತು ಪದವಿ ಪಡೆದಿದ್ದಳು. ಆದರೆ ಆ ಹುದ್ದೆಯ ಮೇಲೆ ಕೂಡ್ರುವ ಯೋಗ ಆಕೆಗೆ ಇರಲಿಲ್ಲ. ಆಕೆಯೇ ಡಾ. ಆನಂದೀಬಾಯಿ ಜೋಶಿ.

ಈ ಹಳೆಯ ಸಂಗತಿಯನ್ನು ಈಗ ನೆನೆಯಲು ಕಾರಣವಿದೆ. ಮನೆ ಬಿಟ್ಟು ಕಲಿಯುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1901ರಲ್ಲಿ ಕೊಲ್ಹಾಪುರದಲ್ಲಿ ದಿಗಂಬರ ಜೈನ ಬೋರ್ಡಿಂಗ್ ಆರಂಭವಾಯಿತು. ಅಂದಿನಿಂದ ಹಳ್ಳಿಯ ಎಷ್ಟೋ ಹುಡುಗರು ಟ್ರಂಕು ಹೊತ್ತು ಅಲ್ಲಿಗೆ ಹೋಗಿ ಕಲಿತರು. ಆದರೆ ಅಲ್ಲಿ ಅಡುಗೆ ನಮ್ಮದೇ, ಬಸದಿಯೂ ಹತ್ತಿರವೇ. ಈಗ ವ್ಯಾಪಾರಸ್ಥರ ಮನೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಸಮುದ್ರದಾಚೆಗೆ ಹೋಗುವ ಮಾತಾಡುತ್ತಾರೆ. ಫೀ, ಸಾಲ, ವೀಸಾ ಇವುಗಳ ಲೆಕ್ಕ ತಂದೆ ಅಂಗಡಿಯ ಗಾದಿಯ ಮೇಲೆ ಕುಳಿತೇ ಹಾಕಬಲ್ಲರು. ತಾಯಿಯ ಪ್ರಶ್ನೆ ಬೇರೆ: "ಅಲ್ಲಿ ಉಣ್ಣೂದೇನು? ಹೋದ ಮಗ ನಮ್ಮವನಾಗಿಯೇ ತಿರುಗಿ ಬಂದಾನೇನು?"

ಆನಂದೀಬಾಯಿಯ ಮುಂದೆಯೂ ಇದೇ ಪ್ರಶ್ನೆ ಇತ್ತು. 1865ರ ಮಾರ್ಚ್ 31ರಂದು ಹುಟ್ಟಿದ ಆಕೆಗೆ ಒಂಬತ್ತರಲ್ಲಿ ಮದುವೆಯಾಯಿತು. ಪತಿ ಗೋಪಾಳರಾವ್ ಅಂಚೆ ಖಾತೆಯ ನೌಕರರು. ಹದಿನಾಲ್ಕರಲ್ಲಿ ಹೆತ್ತ ಗಂಡುಕೂಸು ತಕ್ಕ ಉಪಚಾರವಿಲ್ಲದೆ ಹತ್ತೇ ದಿನಕ್ಕೆ ತೀರಿತು. ತಾನೇ ವೈದ್ಯೆಯಾಗಬೇಕೆಂಬ ಹಂಬಲ ಆ ದುಃಖದಿಂದ ಬಲಿಯಿತು. ಹಿಂದೆ ಕೊಲ್ಹಾಪುರದಲ್ಲಿ ಮಿಶನ್ ಸ್ಥಾಪಿಸಿದ್ದ ಪಾದ್ರಿ ವೈಲ್ಡರ್ ಅವರಿಗೆ ಗೋಪಾಳರಾವ್ 1880ರಲ್ಲಿ ಪತ್ರ ಬರೆದು ಸಹಾಯ ಕೇಳಿದರು. ಧರ್ಮ ಬದಲಿಸಿದರೆ ಸಹಾಯ ಮಾಡುವುದಾಗಿ ಉತ್ತರ ಬಂತು. ದಂಪತಿಗಳು ಒಪ್ಪಲಿಲ್ಲ. ಆದರೆ ಆ ಪತ್ರವ್ಯವಹಾರ ಅಮೇರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜರ್ಸಿಯ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಅದನ್ನು ಓದಿದರು. ತಮ್ಮ ಮನೆಯಲ್ಲಿ ಇರಿಸಿಕೊಳ್ಳುವುದಾಗಿ ತಾವೇ ಬರೆದರು.

1883ರ ಫೆಬ್ರವರಿಯಲ್ಲಿ ಬಂಗಾಳದ ಸೇರಾಂಪುರದಲ್ಲಿ ಆನಂದೀಬಾಯಿ ತುಂಬಿದ ಸಭೆಯಲ್ಲಿ ಮಾತಾಡಿದಳು. ತಾನು ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುವೆನೆಂದು ಸಾರಿದಳು. ಏಪ್ರಿಲ್ 7ರಂದು ಕಲಕತ್ತೆಯಲ್ಲಿ ಹಡಗು ಹತ್ತಿದಳು. ಹದಿನೆಂಟು ತುಂಬಿ ಆಗ ಒಂದೇ ವಾರವಾಗಿತ್ತು. ಪತಿ ಜೊತೆಗಿರಲಿಲ್ಲ. ಜೂನ್ 4ಕ್ಕೆ ನ್ಯೂಯಾರ್ಕ್ ಮುಟ್ಟಿದಳು. ಕಾರ್ಪೆಂಟರ್ ಅವರನ್ನು 'ಮಾವಶಿ' ಎಂದೇ ಕರೆದಳು.

ಆ ಮನೆಯಲ್ಲಿ ಇರುವವರೆಗೆ ಎಲ್ಲವೂ ಸುಖ. ಕಾಲೇಜು ಇದ್ದುದು ಫಿಲಡೆಲ್ಫಿಯಾದಲ್ಲಿ. ಅಲ್ಲಿಯ ಕೋಣೆಯ ಅಗ್ಗಿಷ್ಟಿಕೆ ಸರಿಯಿರಲಿಲ್ಲ. ಬೆಂಕಿ ಹಾಕಿದರೆ ಹೊಗೆ, ಹಾಕದಿದ್ದರೆ ಚಳಿ. ಶಾಕಾಹಾರ ಬಿಡಲಿಲ್ಲ, ಸೀರೆಯನ್ನೂ ಬಿಡಲಿಲ್ಲ. ಒಂಬತ್ತು ಗಜದ ಸೀರೆಯಲ್ಲಿ ಕಾಲಿಗೆ ಚಳಿ ಹೊಡೆಯುತ್ತಿದ್ದುದರಿಂದ ಮೈ ಮುಚ್ಚುವಂತೆ ಗುಜರಾತಿ ಪದ್ಧತಿಯಲ್ಲಿ ಉಡತೊಡಗಿದಳು. ಇದು ಹದಿಹರೆಯದ ಒಂಟಿ ಹುಡುಗಿ ವಿವೇಕದಿಂದ ಮಾಡಿಕೊಂಡ ಬದಲಾವಣೆ. ಆದರೂ ಪತಿಯಿಂದ ಚುಚ್ಚುಮಾತಿನ ಪತ್ರಗಳು ಬರುತ್ತಿದ್ದವು. ಕಳಿಸಿದವರೂ ಅವರೇ, ಶಂಕಿಸಿದವರೂ ಅವರೇ. ಆಕೆ ನೊಂದು ಉತ್ತರ ಬರೆಯುತ್ತಿದ್ದಳು, ಅಭ್ಯಾಸ ಮಾತ್ರ ನಿಲ್ಲಿಸಲಿಲ್ಲ.

1886ರ ಮಾರ್ಚ್ 11ರಂದು ವೈದ್ಯಕೀಯ ಪದವಿ ಕೈಗೆ ಬಂತು. ಅಷ್ಟರಲ್ಲಿ ದೇಹ ಸೋತಿತ್ತು. ವರ್ಷದ ಕೊನೆಗೆ ಸ್ವದೇಶಕ್ಕೆ ಮರಳಿದಾಗ ಜನ ಆದರದಿಂದ ಬರಮಾಡಿಕೊಂಡರು. ಕೊಲ್ಹಾಪುರದ ಹುದ್ದೆ ಕಾಯುತ್ತಿತ್ತು. ಆದರೆ ಅಂಟಿದ್ದ ರೋಗ ಕ್ಷಯ. ಆ ಕಾಲದಲ್ಲಿ ಅದಕ್ಕೆ ಗುಣವಾಗುವ ಔಷಧವಿರಲಿಲ್ಲ. 1887ರ ಫೆಬ್ರವರಿ 26ರಂದು, 22 ತುಂಬುವ ಮೊದಲೇ, ಪುಣೆಯಲ್ಲಿ ಆಕೆ ಕಣ್ಣು ಮುಚ್ಚಿದಳು. ಚಿತಾಭಸ್ಮವನ್ನು ಕಾರ್ಪೆಂಟರ್ ಮಾವಶಿಗೆ ಕಳಿಸಲಾಯಿತು. ಅವರು ಅದನ್ನು ತಮ್ಮ ಕುಟುಂಬದ ಸ್ಮಶಾನದಲ್ಲಿ ಇರಿಸಿದರು.

ಮುಂದೆ ಒಂದೂವರೆ ವರ್ಷದಲ್ಲಿ, 1888ರ ಸೆಪ್ಟೆಂಬರ್ 4ರಂದು, ಮುಂಬಯಿಯಿಂದ ಇನ್ನೊಬ್ಬ ಹದಿನೆಂಟರ ತರುಣ ಲಂಡನ್ನಿಗೆ ಹೊರಟ. ಆತ ಮೋಹನದಾಸ ಗಾಂಧಿ. ತಾಯಿ ಪುತಲೀಬಾಯಿಗೆ ಧೈರ್ಯ ಸಾಲದಾದಾಗ ದಾರಿ ತೋರಿಸಿದವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧು. ಮಾಂಸ, ಮದ್ಯ, ಪರಸ್ತ್ರೀ ಮುಟ್ಟುವುದಿಲ್ಲವೆಂಬ ವ್ರತವನ್ನು ಅವರೇ ಕೊಡಿಸಿದರು. ಲಂಡನ್ನಿನಲ್ಲಿ ಗಾಂಧೀಜಿ ಕೆಲವು ದಿನ ಅರೆಹೊಟ್ಟೆಯಲ್ಲಿದ್ದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಶಾಕಾಹಾರದ ಖಾನಾವಳಿ ಸಿಕ್ಕಾಗ ಹೊಟ್ಟೆ ತುಂಬ ಉಂಡರು. ವ್ರತ ಉಳಿಯಿತು. 1891ರಲ್ಲಿ ಮರಳಿದಾಗ ಮಾತ್ರ ತಾಯಿ ಇರಲಿಲ್ಲ. ಪರದೇಶದಲ್ಲಿ ಮಗ ನೊಂದಾನೆಂದು ಅಣ್ಣ ಆ ಸುದ್ದಿಯನ್ನು ಮುಚ್ಚಿಟ್ಟಿದ್ದರು. ಜಾತಿಯ ಒಂದು ಪಂಗಡವು ಆತನನ್ನು ಹೊರಗೇ ಇಟ್ಟಿತು. ಆದರೆ ಬಂದ ದಿನವೇ ಮುಂಬಯಿಯಲ್ಲಿ ಶ್ರೀಮದ್ ರಾಜಚಂದ್ರರ ಭೇಟಿಯಾಯಿತು. ಜವಾಹಿರಿ ವ್ಯಾಪಾರ ಮಾಡುತ್ತಲೇ ಆತ್ಮಚಿಂತನೆಯಲ್ಲಿದ್ದ ಆ ತರುಣ ಶ್ರಾವಕರು ಗಾಂಧೀಜಿಯ ಜೀವನದ ಮೇಲೆ ಆಳವಾದ ಪರಿಣಾಮ ಬೀರಿದರು.

ಈ ಇಬ್ಬರೂ ಕೊಟ್ಟ ಮಾತನ್ನು ಉಳಿಸಿಕೊಂಡರು. ಮಕ್ಕಳು ಕೆಟ್ಟಾರೆಂಬ ಅಂಜಿಕೆಯಿಂದಲೇ ನಾವು ಅರ್ಧ ಸೊರಗುತ್ತೇವೆ. ನಮ್ಮ ಪಾಲಿನ ಕರ್ತವ್ಯದ ವಿಚಾರ ಮಾಡುವವರು ಕಡಿಮೆ.

ಹೊರಡುವ ಮುನ್ನ ಮಗುವಿನೊಂದಿಗೆ ಕುಳಿತು ಬಿಚ್ಚಿ ಮಾತಾಡಬೇಕು. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳು ಸಂಜೆ ನಾಲ್ಕರೊಳಗೇ ಸೂರ್ಯ ಮುಳುಗುತ್ತಾನೆ, ತರಗತಿ ಅದರ ನಂತರವೂ ನಡೆದೀತು. ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಹೇಗೆ ನಡೆಸುವುದು? ಯಾವ ನಿಯಮ ಎಷ್ಟು ಕಾಲಕ್ಕೆ ಎಂಬುದನ್ನು ಹಿರಿಯರನ್ನೂ ಮುನಿಮಹಾರಾಜರನ್ನೂ ಕೇಳಿ, ಮಗುವಿನ ಶಕ್ತಿ ನೋಡಿ ನಿಶ್ಚಯಿಸಬೇಕು. ಮಗುವೇ ಒಪ್ಪಿ ತೆಗೆದುಕೊಂಡ ನಿಯಮ ಉಳಿಯುತ್ತದೆ. ಚಪಾತಿ, ಬೇಳೆ, ಅನ್ನ ಮಾಡುವುದನ್ನು ಹುಡುಗಿಯಂತೆ ಹುಡುಗನಿಗೂ ಮನೆಯಲ್ಲೇ ಕಲಿಸಬೇಕು.

ಅನಂತರದ ಮಾತು ಇನ್ನೂ ಮುಖ್ಯ. ಅಂದು ಪತ್ರ ಮುಟ್ಟಲು ವಾರಗಳು ಬೇಕಾಗುತ್ತಿದ್ದವು, ಇಂದು ಮಗುವಿನ ಮುಖವನ್ನೇ ಫೋನಿನಲ್ಲಿ ನೋಡಬಹುದು. ಆದರೆ ನಾವು ಮೊದಲು ಕೇಳುವುದೇನು? "ಏನು ತಿಂದಿ? ಯಾರ ಸಂಗಡ ಇದ್ದಿ?" ಇದು ತಪಾಸಣೆಯಾಯಿತು. ಹೀಗೆ ಕೇಳಿದರೆ ಮಗು ಒಳ್ಳೆಯದನ್ನಷ್ಟೇ ಹೇಳಿ ಜ್ವರವನ್ನು, ಒಂಟಿತನವನ್ನು, ನಪಾಸಾದದ್ದನ್ನು ಮುಚ್ಚಿಡುತ್ತದೆ. "ಮೈ ಹುಷಾರ್ ಐತೇನು? ಹೊದಿಕೆ ಸಾಕಾಗ್ತದೇನು?" ಎಂದು ಮೊದಲು ಕೇಳೋಣ. ಉಳಿದದ್ದನ್ನು ಮಗು ತಾನಾಗಿ ಹೇಳೀತು.

ಓದು ಮುಗಿಸಿಯೋ, ಅರ್ಧಕ್ಕೆ ಬಿಟ್ಟೋ, ಹೇಗೇ ತಿರುಗಿ ಬಂದರೂ ಮನೆಯ ಬಾಗಿಲು ತೆರೆದಿರಲಿ. ಮಾತಿನಲ್ಲಿ, ಉಡುಪಿನಲ್ಲಿ ತುಸು ಬದಲಾಗಿದ್ದರೆ ಅದು ಚಳಿಗೆ ಸೀರೆಯನ್ನು ಬೇರೆ ರೀತಿ ಉಟ್ಟಷ್ಟೇ ಎಂದು ತಿಳಿಯೋಣ.

ಆನಂದೀಬಾಯಿ ಬರಲಾಗದ ಆಸ್ಪತ್ರೆಯಲ್ಲಿ ಮುಂದೆ ಶಾಹೂ ಮಹಾರಾಜರ ಕಾಲದಲ್ಲಿ ಡಾ. ಕೃಷ್ಣಾಬಾಯಿ ಕೇಳವಕರ ಸೇವೆ ಮಾಡಿದರು. ಅವರೂ ವಿದೇಶದಲ್ಲಿ ಕಲಿತು ಬಂದವರೇ. ಮೊದಲು ಹೋದವಳು ಹಾಕಿದ ದಾರಿ ವ್ಯರ್ಥವಾಗಲಿಲ್ಲ. ಇನ್ನೊಮ್ಮೆ ಸಿ.ಪಿ.ಆರ್. ಮುಂದೆ ಹಾಯ್ದು ಹೋಗುವಾಗ ಜೊತೆಗಿರುವ ಮಕ್ಕಳಿಗೆ ಆ ಹದಿನೆಂಟರ ಹುಡುಗಿಯ ಕಥೆ ಹೇಳಿರಿ. ಅವಳಿಗೆ ಬಂದಂಥ ಪತ್ರ ನಮ್ಮ ಮನೆಗಳಿಂದ ಹೋಗದಿರಲಿ.