ವೈ-ಫೈ ಸಂಕೇತ ಪೂರ್ಣ, ಪುಟ ಮಾತ್ರ ತೆರೆಯದು: ಲಿನಕ್ಸ್ ಬಳಕೆದಾರರು ಮಾಡಬೇಕಾದ್ದೇನು?

ಬಂಗಾರಪೇಟೆ: ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಬಳಿಕ, ಇಲ್ಲಿನ ಸಾವಿರಾರು ಮಂದಿಯ ದುಡಿಮೆ ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಸಾಗುವ ರೈಲನ್ನು ಅವಲಂಬಿಸಿದೆ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ದೊರೆತವರಿಗೆ ಆ ಪ್ರಯಾಣ ಉಳಿಯುತ್ತದೆ. ಆದರೆ ವೈ-ಫೈ ಕೈಕೊಟ್ಟರೆ ದಿನದ ಕೆಲಸವೇ ಕೆಡುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಉಚಿತ ಲಿನಕ್ಸ್ ಅಳವಡಿಸಿಕೊಂಡವರಿಗೆ 'ಕನೆಕ್ಷನ್ ಟೈಮ್ಡ್ ಔಟ್' ಎಂಬ ಸಂದೇಶ ಪದೇ ಪದೇ ಕಂಡರೆ, ಹೊಸ ಯಂತ್ರ ಕೊಳ್ಳುವ ಮುನ್ನ ದೋಷ ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚುವುದು ಒಳಿತು.

ಟೈಮ್ ಔಟ್ ಎಂದರೇನು?

ಕಳುಹಿಸಿದ ಕೋರಿಕೆಗೆ ನಿಗದಿತ ಅವಧಿಯಲ್ಲಿ ಉತ್ತರ ಬರಲಿಲ್ಲ ಎಂಬುದಷ್ಟೇ ಇದರ ಅರ್ಥ. ಮಾಮೂಲಿ ಹೊಂದಿಕೆಯಲ್ಲಿ ಲಿನಕ್ಸ್ ಸಂಪರ್ಕದ ಮೊದಲ ಕೋರಿಕೆಯನ್ನು 6 ಬಾರಿ ಪುನಃ ಕಳುಹಿಸಿ, ಬಳಿಕ ಕೈಬಿಡುತ್ತದೆ. ಪರದೆಯ ಮೇಲಿನ ಸಂಕೇತದ ಗೆರೆಗಳು ರೂಟರಿನವರೆಗಿನ ಸ್ಥಿತಿಯನ್ನು ಮಾತ್ರ ತಿಳಿಸುತ್ತವೆ, ಅದರಾಚೆಯ ಮಾರ್ಗವನ್ನಲ್ಲ.

ಮೂರು ಪರೀಕ್ಷೆಗಳು

ಮೊದಲು ಅದೇ ವೈ-ಫೈಗೆ ಮೊಬೈಲ್ ಜೋಡಿಸಿ ನೋಡಬೇಕು. ಮೊಬೈಲಿನಲ್ಲಿ ಪುಟ ತೆರೆದರೆ ದೋಷ ಬಹುತೇಕ ಲ್ಯಾಪ್‌ಟಾಪಿನದು.

ನಂತರ ಟರ್ಮಿನಲ್‌ನಲ್ಲಿ 'ಐಪಿ ರೂಟ್' ಆಜ್ಞೆ ನೀಡಬೇಕು. 'ಡೀಫಾಲ್ಟ್ ವಯಾ' ಎಂಬುದರ ಮುಂದೆ ಕಾಣುವ ಸಂಖ್ಯೆಯೇ ರೂಟರಿನ ವಿಳಾಸ. 'ಪಿಂಗ್' ಆಜ್ಞೆಗೆ ಆ ವಿಳಾಸದಿಂದ ಉತ್ತರ ಬಾರದಿದ್ದರೆ ಅಥವಾ ನಡುನಡುವೆ ತಪ್ಪಿದರೆ, ತೊಂದರೆ ಮನೆಯೊಳಗೇ ಇದೆ ಎಂದು ತಿಳಿಯಬಹುದು.

ರೂಟರ್ ಸರಿಯಾಗಿ ಉತ್ತರಿಸಿದರೆ, 8.8.8.8 ಎಂಬ ಹೊರಗಿನ ವಿಳಾಸವನ್ನು ಪಿಂಗ್ ಮಾಡಬೇಕು. ಅಲ್ಲಿಂದ ಉತ್ತರವಿಲ್ಲದಿದ್ದರೆ ಸೇವಾದಾರರನ್ನು ಸಂಪರ್ಕಿಸಬೇಕು. ಉತ್ತರ ಬಂದೂ ತಾಣಗಳು ತೆರೆಯದಿದ್ದರೆ, ತಾಣದ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯ ಮೇಲೆ ಸಂಶಯ ಪಡಬೇಕು; ಸಂಪರ್ಕದ ಸೆಟ್ಟಿಂಗ್ಸ್‌ನಲ್ಲಿ ಬೇರೆ ಡಿಎನ್‌ಎಸ್ ವಿಳಾಸ ನಮೂದಿಸಿ ನೋಡಬಹುದು.

ಮನೆಯೊಳಗಿನ ದೋಷಗಳು

ಬ್ಯಾಟರಿ ಉಳಿಸಲು ವೈ-ಫೈ ಕಾರ್ಡ್ ನಡುನಡುವೆ ನಿದ್ರೆಗೆ ಜಾರುವ ವ್ಯವಸ್ಥೆಯಿದೆ. ಕೆಲವು ಕಾರ್ಡ್‌ಗಳು ಸಕಾಲಕ್ಕೆ ಎಚ್ಚರಗೊಳ್ಳುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರ್‌ನ ಸಂರಚನಾ ಕಡತದಲ್ಲಿ 'ವೈಫೈ.ಪವರ್‌ಸೇವ್' ಮೌಲ್ಯ 3 ಇದ್ದರೆ ಈ ಉಳಿತಾಯ ಚಾಲ್ತಿಯಲ್ಲಿದೆ ಎಂದರ್ಥ. ಅದನ್ನು 2 ಮಾಡಿ, ನೆಟ್‌ವರ್ಕ್‌ಮ್ಯಾನೇಜರ್ ಮರುಚಾಲನೆ ಮಾಡಿದರೆ ಅದು ನಿಲ್ಲುತ್ತದೆ.

ಕಾರ್ಡಿನ ಫರ್ಮ್‌ವೇರ್ ಕಾಣೆಯಾಗಿರುವುದು ಇನ್ನೊಂದು ಕಾರಣ. ಕರ್ನಲ್ ದಾಖಲೆಯಲ್ಲಿ ಫರ್ಮ್‌ವೇರ್ ಲೋಡ್ ಆಗಿಲ್ಲವೆಂಬ ಸಾಲಿದ್ದರೆ, ಮೊಬೈಲನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ, ಅದರ ಅಂತರಜಾಲದಿಂದ ಫರ್ಮ್‌ವೇರ್ ಪ್ಯಾಕೇಜನ್ನು ನವೀಕರಿಸಬಹುದು.

ಮೂರನೆಯದು ತರಂಗಗಳ ದಟ್ಟಣೆ. ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ತಾಗಿರುವುದರಿಂದ ನೆರೆಯವರ ರೂಟರುಗಳ ಸಂಕೇತಗಳೂ ಒಂದರ ಮೇಲೊಂದು ಬೀಳುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6 ಮತ್ತು 11ನೇ ಚಾನೆಲ್‌ಗಳು ಪರಸ್ಪರ ಅಡ್ಡಿಯಾಗುವುದಿಲ್ಲ. ಅವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ರೂಟರಿನಲ್ಲಿ ಆರಿಸಬೇಕು. ರೂಟರ್ ಇರುವ ಕೋಣೆಯಲ್ಲೇ ಕೆಲಸ ಮಾಡುವವರಿಗೆ 5 ಗಿಗಾಹರ್ಟ್ಸ್ ಉತ್ತಮ. ಆದರೆ ಅದು ಗೋಡೆ ದಾಟುವಾಗ ಬೇಗ ಕ್ಷೀಣಿಸುತ್ತದೆ.

ಒಂದು ಎಚ್ಚರಿಕೆ: ಎಲ್ಲವನ್ನೂ ಒಮ್ಮೆಲೇ ಬದಲಿಸಬಾರದು. ಒಂದು ಬದಲಾವಣೆ ಮಾಡಿ, ಪಿಂಗ್ ಪರೀಕ್ಷೆ ನಡೆಸಿ, ಫಲಿತಾಂಶ ಬರೆದಿಟ್ಟುಕೊಂಡು ಮುಂದುವರಿಯಬೇಕು. ಸೇವಾದಾರರಿಗೆ ದೂರು ನೀಡಬೇಕಾಗಿ ಬಂದರೂ ಆ ಬರಹವೇ ಬಳಕೆದಾರರ ಕೈಯಲ್ಲಿರುವ ಸಾಕ್ಷ್ಯ.