ಬೆಂಗಳೂರು ಪೂರ್ವದ ಹಳ್ಳಿಗಳ ಮದುವೆ, ಅಂತ್ಯಕ್ರಿಯೆ ಮತ್ತು ದೈವಾರಾಧನೆ

ಬೆಂಗಳೂರು ಪೂರ್ವದ ಹಳ್ಳಿಗಳ ಆಚರಣೆಗಳು ಎಂದರೆ ದೊಡ್ಡನೆಕ್ಕುಂದಿ ಹಾಗೂ ಅದರ ಸುತ್ತಲಿನ, ಈಗ ನಗರದೊಳಗೆ ಸೇರಿಹೋಗಿರುವ ಹಳ್ಳಿಗಳ ಮೂಲ ನಿವಾಸಿಗಳು ಮದುವೆ, ಸಾವು ಮತ್ತು ದೈವಾರಾಧನೆಯ ಸಂದರ್ಭಗಳಲ್ಲಿ ಅನುಸರಿಸುವ ಸಂಪ್ರದಾಯಗಳು. ಇವುಗಳಲ್ಲಿ ಹೆಚ್ಚಿನವು ಹೊಲ, ಕೆರೆ ಮತ್ತು ಊರಿನ ಗಡಿಯನ್ನು ಆಧರಿಸಿ ರೂಪುಗೊಂಡವು. ಕೃಷಿಭೂಮಿ ಇಲ್ಲವಾದ ಮೇಲೆ ಕೆಲವು ಕ್ರಿಯೆಗಳು ನಿಂತುಹೋಗಿವೆ. ಹಲವು ಬದಲಿ ರೂಪದಲ್ಲಿ ಮುಂದುವರಿದಿವೆ.

ಹಿನ್ನೆಲೆ

ದೊಡ್ಡನೆಕ್ಕುಂದಿಯು ಬೆಂಗಳೂರು ಪೂರ್ವ ತಾಲ್ಲೂಕಿನ ಕೃಷ್ಣರಾಜಪುರ ಹೋಬಳಿಗೆ ಸೇರಿದ ಗ್ರಾಮ. ಇದೇ ಹೆಸರಿನ ಕೆರೆಯೂ ಇಲ್ಲಿದೆ. 1940ರಲ್ಲಿ ಸಮೀಪದಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಯಿತು. ಅನಂತರ ಕೈಗಾರಿಕಾ ಪ್ರದೇಶ, ಹೊರವರ್ತುಲ ರಸ್ತೆ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು ಬಂದವು. 2007ರಲ್ಲಿ ಈ ಪ್ರದೇಶವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿತು. ಈ ಭಾಗದ ಹಳ್ಳಿಗಳಲ್ಲಿ ಒಕ್ಕಲಿಗರು, ರೆಡ್ಡಿಗಳು, ತಿಗಳರು, ದಲಿತರು ಮೊದಲಾದ ಸಮುದಾಯಗಳಿದ್ದು, ಕನ್ನಡದೊಂದಿಗೆ ತೆಲುಗು ಮತ್ತು ತಮಿಳು ಸಹ ಮನೆಮಾತುಗಳಾಗಿವೆ. ಆಚರಣೆಗಳ ವಿವರ ಸಮುದಾಯದಿಂದ ಸಮುದಾಯಕ್ಕೆ, ಮನೆತನದಿಂದ ಮನೆತನಕ್ಕೆ ಬೇರೆಯಾಗುತ್ತದೆ.

ಮದುವೆ

ಹಳೆಯ ಕ್ರಮದಲ್ಲಿ ಮದುವೆಯು ವಧು ಅಥವಾ ವರನ ಮನೆಯ ಮುಂದೆ ಹಾಕಿದ ಹಸಿರು ಚಪ್ಪರದಲ್ಲಿ ನಡೆಯುತ್ತಿತ್ತು. ವೀಳ್ಯ ಬದಲಾಯಿಸಿ ಸಂಬಂಧವನ್ನು ಗಟ್ಟಿ ಮಾಡುವುದು, ಅರಿಸಿನ ಶಾಸ್ತ್ರ, ಧಾರೆ, ಮಾಂಗಲ್ಯಧಾರಣೆ ಇವು ಮುಖ್ಯ ಘಟ್ಟಗಳು. ಶಾಸ್ತ್ರಗಳ ವೇಳೆ ಹೆಂಗಸರು ಸೋಬಾನೆ ಪದಗಳನ್ನು ಹಾಡುತ್ತಿದ್ದರು. ಮಾಂಸಾಹಾರಿ ಸಮುದಾಯಗಳಲ್ಲಿ ಮದುವೆಯ ನಂತರ ಬೀಗರ ಔತಣ ನಡೆಯುತ್ತದೆ.

ಹಳೆಯ ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ವರನ ಕಡೆಯವರು ವಧುವಿನ ತಂದೆಗೆ ‘ತೆರ’ ಎಂಬ ಹಣ ಕೊಡುವ ರೂಢಿಯಿತ್ತು. ಜಿಂಬಾಬ್ವೆಯ ಶೋನಾ ಜನರಲ್ಲಿ ಇಂದಿಗೂ ಉಳಿದಿರುವ ‘ರೂರಾ’ ಎಂಬ ವಧುದಕ್ಷಿಣೆಯನ್ನು ಇದರೊಂದಿಗೆ ಹೋಲಿಸಬಹುದು. ಕಾಲಕ್ರಮೇಣ ತೆರ ಮರೆಯಾಗಿ, ಹಣ ಕೊಡುವ ದಿಕ್ಕೇ ತಿರುಗಿತು: ವಧುವಿನ ಕಡೆಯವರೇ ಕೊಡಬೇಕಾದ ವರದಕ್ಷಿಣೆ ಹರಡಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಇದನ್ನು ಅಪರಾಧವೆಂದು ಸಾರಿದೆ.

ಬೆಂಗಳೂರು–ಕೋಲಾರ ಭಾಗದ ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಬೆರಳು ಕೊಡುವ ಪದ್ಧತಿಯಿತ್ತು. ಹಿರಿಯ ಮಗಳಿಗೆ ಮದುವೆ ನಿಶ್ಚಯಿಸುವ ಮುನ್ನ ಕಿವಿ ಚುಚ್ಚುವ ಸಂದರ್ಭದಲ್ಲಿ, ತಾಯಿಯು ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ಕತ್ತರಿಸಿಕೊಂಡು ದೇವರಿಗೆ ಅರ್ಪಿಸುತ್ತಿದ್ದಳು. ಸರ್ಕಾರ ಇದನ್ನು ನಿಷೇಧಿಸಿದ ಮೇಲೆ, ಬೆರಳಿಗೆ ಚಿನ್ನ ಅಥವಾ ಬೆಳ್ಳಿಯ ಕವಚ ತೊಡಿಸಿ, ಬೆರಳಿನ ಬದಲು ಅದನ್ನೇ ತೆಗೆಯುವ ಕ್ರಮ ಬಂದಿತೆಂದು ಲೂಯಿಸ್ ರೈಸ್ ಅವರ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಹಿಂಸೆಯನ್ನು ಕೈಬಿಟ್ಟು ಹರಕೆಯನ್ನು ಉಳಿಸಿಕೊಂಡ ಬದಲಾವಣೆಗೆ ಇದು ಹಳೆಯ ನಿದರ್ಶನ.

ಇಂದು ಮದುವೆಗಳು ಬಹುತೇಕ ಕಲ್ಯಾಣಮಂಟಪಗಳಲ್ಲಿ ಎರಡು ದಿನಗಳೊಳಗೆ ಮುಗಿಯುತ್ತವೆ. ಆದರೂ ಮನೆಯ ಮುಂದೆ ಶಾಸ್ತ್ರಕ್ಕೆಂದು ಸಣ್ಣ ಚಪ್ಪರ ಹಾಕುವುದುಂಟು. ಕರ್ನಾಟಕದ 1976ರ ಕಾಯ್ದೆಯ ಪ್ರಕಾರ ವಿವಾಹ ನೋಂದಣಿ ಅಗತ್ಯ. ಪುರೋಹಿತರಿಲ್ಲದೆ, ಕಡಿಮೆ ವೆಚ್ಚದಲ್ಲಿ ನಡೆಯುವ ಕುವೆಂಪು ಪ್ರತಿಪಾದಿತ ‘ಮಂತ್ರ ಮಾಂಗಲ್ಯ’ವನ್ನು ಆಯ್ದುಕೊಳ್ಳುವವರೂ ಇದ್ದಾರೆ.

ಅಂತ್ಯಕ್ರಿಯೆ

ಜಮೀನುಳ್ಳ ಕುಟುಂಬಗಳು ಮೃತರನ್ನು ಸ್ವಂತ ಹೊಲ ಅಥವಾ ತೋಟದಲ್ಲಿ ಮಣ್ಣು ಮಾಡುತ್ತಿದ್ದವು. ಜಮೀನಿಲ್ಲದವರು ಊರ ಸ್ಮಶಾನವನ್ನು ಆಶ್ರಯಿಸುತ್ತಿದ್ದರು. ಮೂರನೆಯ ದಿನ ಸಮಾಧಿಗೆ ಹಾಲು ಮತ್ತು ತುಪ್ಪ ಎರೆಯುವುದು, ಹನ್ನೊಂದನೆಯ ದಿನ ತಿಥಿ ಮಾಡಿ ಮೃತರಿಗೆ ಪ್ರಿಯವಾದ ಅಡುಗೆಯನ್ನು ಎಡೆಯಿಟ್ಟು ಬಂಧುಗಳಿಗೆ ಊಟ ಹಾಕುವುದು ಸಾಮಾನ್ಯ ಕ್ರಮ. ಕಾಗೆ ಎಡೆಯನ್ನು ಮುಟ್ಟಿದರೆ ಮೃತರು ತೃಪ್ತರಾದರೆಂಬ ನಂಬಿಕೆಯಿದೆ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಹಿನ್ನೆಲೆಯಲ್ಲಿ ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ ಚಲನಚಿತ್ರವು ಈ ಹನ್ನೊಂದು ದಿನಗಳ ಅವಧಿಯನ್ನೇ ಕಥಾವಸ್ತುವಾಗಿಸಿಕೊಂಡಿದೆ.

ಜಮೀನು ಮಾರಾಟವಾದಾಗ ಹಿರಿಯರ ಸಮಾಧಿಗಳಿದ್ದ ನೆಲವೂ ಕೈತಪ್ಪುತ್ತದೆ. ಹೂಳುವ ರೂಢಿಯಿದ್ದ ಕುಟುಂಬಗಳೂ ಕಲ್ಪಳ್ಳಿ, ಪಣತ್ತೂರು ಮೊದಲಾದೆಡೆಯ ವಿದ್ಯುತ್ ಚಿತಾಗಾರಗಳನ್ನು ಅವಲಂಬಿಸುವುದು ಇದರ ಪರಿಣಾಮ. ಸಮಾಧಿ ಇಲ್ಲದಿರುವಾಗ ಹಾಲು-ತುಪ್ಪವನ್ನು ಚಿತಾಭಸ್ಮಕ್ಕೆ ಅರ್ಪಿಸಲಾಗುತ್ತದೆ. ಭಸ್ಮವನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಡುವುದು ಸಾಮಾನ್ಯ. ಕೋವಿಡ್ ಎರಡನೆಯ ಅಲೆಯ ವೇಳೆ, 2021ರ ಏಪ್ರಿಲ್‌ನಲ್ಲಿ, ಚಿತಾಗಾರಗಳ ಮೇಲಿನ ಒತ್ತಡ ತಗ್ಗಿಸಲು ರಾಜ್ಯ ಸರ್ಕಾರ ಸ್ವಂತ ಜಮೀನಿನಲ್ಲಿ ಅಂತ್ಯಕ್ರಿಯೆಗೆ ಅನುಮತಿ ನೀಡಿತು. ಜಮೀನು ಉಳಿಯದವರಿಗೆ ಆ ಅವಕಾಶ ಒದಗಲಿಲ್ಲ.

ಸಾವಿನ ಮೆರವಣಿಗೆಯಲ್ಲಿ ತಮಟೆ ಬಾರಿಸುವುದನ್ನು ದಲಿತರ ವಂಶಪಾರಂಪರ್ಯ ಕರ್ತವ್ಯವೆಂದು ಹೇರಲಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ತೋಟಿ, ತಳವಾರ ಮುಂತಾದ ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗೊಳಿಸಿತು. ಈ ಕೆಲಸವನ್ನು ಅವಮಾನದ ಗುರುತೆಂದು ನಿರಾಕರಿಸಿದವರಿದ್ದಾರೆ. ತಮಟೆಯನ್ನು ಸಂಭಾವನೆ ಪಡೆದು ನುಡಿಸುವ ಕಲೆಯಾಗಿ ಬೆಳೆಸಿದವರೂ ಇದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ಹಿರಿಯರ ಪೂಜೆ

ಭಾದ್ರಪದ ಮಾಸದ ಮಹಾಲಯ ಅಮಾವಾಸ್ಯೆಯಂದು ಅಥವಾ ಪಿತೃಪಕ್ಷದ ದಿನಗಳಲ್ಲಿ ಮನೆಯೊಳಗೆ ಹೊಸ ಬಟ್ಟೆ ಹಾಗೂ ಅಡುಗೆಯನ್ನು ಎಡೆಯಿಟ್ಟು ಹಿರಿಯರನ್ನು ಸ್ಮರಿಸಲಾಗುತ್ತದೆ. ಇದಕ್ಕೆ ಹೊಲವಾಗಲಿ ಸಮಾಧಿಯಾಗಲಿ ಬೇಕಿಲ್ಲ. ಆದ್ದರಿಂದ ನಗರದ ಮನೆಗಳಿಗೆ ಇದು ಸುಲಭವಾಗಿ ಹೊಂದಿಕೊಂಡಿದೆ. ಶೋನಾ ಸಂಪ್ರದಾಯದಲ್ಲಿಯೂ ಸಾವಿನ ಸುಮಾರು ಒಂದು ವರ್ಷದ ನಂತರ ‘ಕುರೋವ ಗುವ’ ಎಂಬ ವಿಧಿಯ ಮೂಲಕ ಮೃತರ ಆತ್ಮವನ್ನು ಮನೆಗೆ ಮರಳಿ ಕರೆಯಲಾಗುತ್ತದೆ. ಮೃತರು ಕುಟುಂಬದ ಸದಸ್ಯರಾಗಿಯೇ ಉಳಿಯುತ್ತಾರೆಂಬ ಭಾವನೆ ಎರಡರಲ್ಲಿಯೂ ಕಾಣುತ್ತದೆ.

ಗ್ರಾಮದೇವತೆಗಳು

ಯಲ್ಲಮ್ಮ, ಮಾರಮ್ಮ ಮತ್ತು ಮುನೇಶ್ವರ ಈ ಭಾಗದ ಪ್ರಮುಖ ಗ್ರಾಮದೈವಗಳು. ಅಶ್ವತ್ಥಕಟ್ಟೆಗಳಲ್ಲಿ ನಾಗರಕಲ್ಲುಗಳಿಗೆ ಪೂಜೆ ಸಲ್ಲುತ್ತದೆ. ಊರಹಬ್ಬದಲ್ಲಿ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಸಾಗುತ್ತಾರೆ; ಹೂವಿನ ಪಲ್ಲಕ್ಕಿಗಳ ಮೆರವಣಿಗೆ ನಡೆಯುತ್ತದೆ. ಬೇರೆಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಂದು ತವರಿಗೆ ಬರುತ್ತಾರೆ. ಹೊಲಗದ್ದೆಗಳ ಗುರುತು ಅಳಿದಿದ್ದರೂ, ಪಲ್ಲಕ್ಕಿ ಸಾಗುವ ದಾರಿಯು ಹಳೆಯ ಊರಿನ ಎಲ್ಲೆಯನ್ನು ವರ್ಷಕ್ಕೊಮ್ಮೆ ನೆನಪಿಸುತ್ತದೆ.

ಈ ಕ್ಷೇತ್ರದಲ್ಲಿಯೂ ಕಾನೂನಿನ ಪ್ರಭಾವವಿದೆ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿ ನೀಡುವುದನ್ನು 1959ರ ಕಾಯ್ದೆ ನಿಷೇಧಿಸಿದೆ. ಬಲಿಯ ಬದಲು ಬೂದುಗುಂಬಳ ಅಥವಾ ನಿಂಬೆಹಣ್ಣು ಕತ್ತರಿಸುವುದು ರೂಢಿಯಲ್ಲಿದೆ. ಅಮಾನವೀಯ ಆಚರಣೆಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ರೂಪುಗೊಂಡಿತು. ಪ್ರದಕ್ಷಿಣೆ, ಯಾತ್ರೆಯಂತಹ ಸಾಮಾನ್ಯ ಧಾರ್ಮಿಕ ಆಚರಣೆಗಳನ್ನು ಅದು ನಿರ್ಬಂಧಿಸುವುದಿಲ್ಲ.