ನಾಲ್ಕು ಊರು, ಒಂದೇ ತಾಳ

ಆರ್ಕೆಸ್ಟ್ರಾ ಎಂದರೆ ನಮಗೆ ನೆನಪಾಗುವುದು ಗಣೇಶೋತ್ಸವದ ವೇದಿಕೆ. ಗಿಟಾರು, ಡ್ರಮ್ಸು, ಕೀಬೋರ್ಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಾರೆ. ಆದರೆ ಮಕ್ಕಳೇ, ಬೇರೆ ಬೇರೆ ಊರುಗಳಲ್ಲಿ ಕುಳಿತೇ ಒಂದು ಹಾಡನ್ನು ಕಟ್ಟುವ ಬ್ಯಾಂಡುಗಳೂ ಇವೆ. ಅಂಥದೊಂದು ಬ್ಯಾಂಡಿನ ಗಿಟಾರ್ ವಾದಕ ಪೀಣ್ಯದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾನೆ. ಹಾಡುವವಳು ಕೆನಡಾದ ಟೊರಾಂಟೊದಲ್ಲಿ, ಡ್ರಮ್ಸಿನವನು ಶಿಲ್ಲಾಂಗಿನಲ್ಲಿ, ಬೇಸ್ ಗಿಟಾರಿನವನು ಕೊಚ್ಚಿಯಲ್ಲಿ. ನಾಲ್ವರೂ ಇದುವರೆಗೆ ಒಂದೇ ಕೋಣೆಯಲ್ಲಿ ಕುಳಿತದ್ದಿಲ್ಲ.

"ವಿಡಿಯೊ ಕಾಲ್‌ನಲ್ಲೇ ಒಟ್ಟಿಗೆ ನುಡಿಸಬಹುದಲ್ಲ ತಾತ?" ಎಂದಳು ನನ್ನ ಮೊಮ್ಮಗಳು. ಆಗುವುದಿಲ್ಲ. ಯಾಕೆಂದು ಲೆಕ್ಕ ಹಾಕೋಣ. ಟೊರಾಂಟೊ ಇಲ್ಲಿಂದ ಸುಮಾರು 13,000 ಕಿಲೋಮೀಟರ್. ಗಾಜಿನ ಎಳೆಯಂಥ ಫೈಬರ್ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ನೆಟ್ಟಗೇ ಇದೆ ಎಂದುಕೊಂಡರೂ ಹೋಗಿ ಬರಲು ಸೆಕೆಂಡಿನ ನೂರರಲ್ಲಿ 13 ಪಾಲು ಬೇಕು. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಗೆ ಸಿಗುವುದೇ ಅರ್ಧ ಸೆಕೆಂಡು. ಅಂದರೆ ಕಾಲು ಎಣಿಕೆಯಷ್ಟು ತಾಳ ತಪ್ಪಿತು! ಮಾತಿಗೆ ಇದು ಗೊತ್ತೇ ಆಗುವುದಿಲ್ಲ, ಹಾಡು ಕೆಟ್ಟುಹೋಗುತ್ತದೆ.

ಅದಕ್ಕೇ ಅವರು ಬೇರೆ ದಾರಿ ಹಿಡಿದಿದ್ದಾರೆ. ಮೊದಲು ಹಾಡಿನ ವೇಗ ನಿಶ್ಚಯಿಸುತ್ತಾರೆ. ಗಡಿಯಾರದಂತೆ ಟಿಕ್ ಟಿಕ್ ಎನ್ನುವ 'ಕ್ಲಿಕ್' ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಪ್ರತಿಯೊಬ್ಬರೂ ತಮ್ಮ ಪಾಲನ್ನು ಒಬ್ಬೊಬ್ಬರೇ ಧ್ವನಿಮುದ್ರಿಸುತ್ತಾರೆ. ನಾಲ್ಕು ನಿಮಿಷದ ಗಿಟಾರಿನ ಫೈಲು ಸುಮಾರು 35 ಎಂಬಿ ಆಗುತ್ತದೆ. ಅದು ಇಂಟರ್‌ನೆಟ್ ಮೂಲಕ ಮುಂದಿನವರಿಗೆ ಹೋಗುತ್ತದೆ, ಅವರು ಅದನ್ನು ಕೇಳುತ್ತಾ ತಮ್ಮದನ್ನು ಸೇರಿಸುತ್ತಾರೆ. ನನಗೆ ಬ್ಯಾಂಕಿನ ದಿನಗಳು ನೆನಪಾದವು. ಒಂದು ಶಾಖೆಯಿಂದ ಇನ್ನೊಂದಕ್ಕೆ ಟಪಾಲಿನಲ್ಲಿ ಅಡ್ವೈಸ್ ಹೋಗುತ್ತಿತ್ತು. ಆ ಗುಮಾಸ್ತನ ಮುಖ ನಾವು ನೋಡಿದವರಲ್ಲ, ಆದರೂ ಎರಡೂ ಕಡೆಯ ಲೆಕ್ಕ ತಾಳೆಯಾಗಲೇಬೇಕಿತ್ತು.

ಪೀಣ್ಯದ ಗದ್ದಲದಲ್ಲಿ ರೆಕಾರ್ಡಿಂಗ್ ಹೇಗೆ ಎನ್ನುತ್ತೀರಾ? ಪಕ್ಕದಲ್ಲೇ ಲೇತ್ ಮಷಿನ್ ತಿರುಗುತ್ತದೆ ನಿಜ. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಮೈಕು ಬೇಕಿಲ್ಲ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ತೆಳು ತಾಮ್ರದ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಅದೇ ಕಂಪ್ಯೂಟರಿಗೆ ಹೋಗುತ್ತದೆ. ಹೊರಗಿನ ಸದ್ದು ಅದರಲ್ಲಿ ಸೇರುವುದು ತೀರ ಕಡಿಮೆ. ಆದರೆ ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ, ಹತ್ತಿರದ ಮೋಟಾರಿನ ದೆಸೆಯಿಂದ 'ಗುಂಯ್' ಎಂಬ ಸದ್ದು ಸುರುಳಿಗೆ ನುಸುಳುತ್ತದೆ. ಹುಡುಗ ಗಿಟಾರು ಹಿಡಿದು ಕೋಣೆಯಲ್ಲಿ ಅತ್ತ ಇತ್ತ ತಿರುಗಿ, ಗುಂಯ್ ಸದ್ದು ಕಡಿಮೆಯಾಗುವ ದಿಕ್ಕು ಹುಡುಕಿ ಕೂರುತ್ತಾನೆ.

ದೊಡ್ಡವರೂ ಹೀಗೆ ನುಡಿಸಿದ್ದಾರೆ. ಬೆಂಗಳೂರಿನ ರಿಕ್ಕಿ ಕೇಜ್ ಮತ್ತು ಅಮೆರಿಕದಲ್ಲಿದ್ದ ಡ್ರಮ್ಸ್ ವಾದಕ ಸ್ಟುವರ್ಟ್ ಕೋಪ್‌ಲ್ಯಾಂಡ್ ಕೊರೊನಾ ಕಾಲದಲ್ಲಿ 'ಡಿವೈನ್ ಟೈಡ್ಸ್' ರಚಿಸಿದರು, ಅದಕ್ಕೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಮೊನಾಕೊದಲ್ಲಿರುವ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಮುಂಬೈಯ ಶಂಕರ್ ಮಹಾದೇವನ್, ಚೆನ್ನೈನ ಸೆಲ್ವಗಣೇಶ್, ಅಮೆರಿಕದಲ್ಲಿದ್ದ ಜಾಕಿರ್ ಹುಸೇನ್ ಮೊದಲಾದವರ 'ಶಕ್ತಿ' ತಂಡದ 'ದಿಸ್ ಮೊಮೆಂಟ್' ಕೂಡ ದೂರದೂರದಿಂದಲೇ ಕೂಡಿಬಂದದ್ದು. ಅದಕ್ಕೆ ಗ್ರ್ಯಾಮಿ ಸಿಕ್ಕಿದ್ದು 2024ರಲ್ಲಿ.

ನಮ್ಮ ಹುಡುಗನಿಗೆ ಪ್ರಶಸ್ತಿಯಿಲ್ಲ, ತಿಂಗಳ ಸಂಬಳವೂ ಇಲ್ಲ. ಸಂಜೆ ಮಕ್ಕಳಿಗೆ ಗಿಟಾರ್ ಪಾಠ ಹೇಳುತ್ತಾನೆ. ಅದರಲ್ಲೇ ಬಾಡಿಗೆ, ತಂತಿಯ ಖರ್ಚು ನಡೆಯಬೇಕು. ಬೀದಿಯವರು "ಕೆಲಸ ಯಾವಾಗ ಹುಡುಕುತ್ತೀಯಪ್ಪ?" ಎಂದು ಕೇಳುವುದುಂಟು. ನಾನು ಹೇಳಿದ್ದು ಒಂದೇ: ಯಾರ ಪಾಲು ಎಷ್ಟೆಂದು ಹಾಡು ಹೊರಬರುವ ಮೊದಲೇ ಬರೆದಿಡಿ. ನಾಲ್ವರೂ ಬರೆದು ಸಹಿ ಹಾಕಿದರು.

ಕಳೆದ ವರ್ಷ ಶಿಲ್ಲಾಂಗಿನ ಹುಡುಗನ ತಾಯಿಗೆ ಕಾಯಿಲೆಯಾಯಿತು. ಎರಡು ತಿಂಗಳು ಅವನಿಂದ ಏನೂ ಬರಲಿಲ್ಲ. ಹಾಡು ಅರ್ಧಕ್ಕೆ ನಿಂತಿತ್ತು. ಕಂಪ್ಯೂಟರಿನಲ್ಲೇ ಡ್ರಮ್ಸ್ ಸೇರಿಸಿ ಮುಗಿಸಬಹುದಿತ್ತು, ಅರ್ಧ ದಿನದ ಕೆಲಸ. ಕಾದರೆ ಬ್ಯಾಂಡೇ ಚದುರೀತೆಂಬ ಭಯವೂ ಇತ್ತು. ಉಳಿದ ಮೂವರು ಮಾತಾಡಿಕೊಂಡು ಅವನ ಜಾಗವನ್ನು ಖಾಲಿಯೇ ಬಿಟ್ಟರು. ತಾಯಿ ಚೇತರಿಸಿಕೊಂಡ ಮೇಲೆ ಒಂದು ರಾತ್ರಿ ಫೈಲು ಬಂತು. ಮಹಡಿಯಿಂದ ಹುಡುಗ ಓಡಿ ಬಂದು ನನಗೂ ಕೇಳಿಸಿದ. ಅದೇ ಹಾಡು, ಆದರೆ ಈಗ ಅದಕ್ಕೆ ನಡಿಗೆ ಬಂದಿತ್ತು.

ಮಕ್ಕಳೇ, ಈ ಭಾನುವಾರ ನೀವೂ ಒಂದು ಪ್ರಯೋಗ ಮಾಡಿ. ಬೇರೆ ಊರಿನಲ್ಲಿರುವ ಅಜ್ಜನಿಗೋ ಅಜ್ಜಿಗೋ ವಿಡಿಯೊ ಕಾಲ್ ಮಾಡಿ, ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿ. ತಾಳ ಜಾರುತ್ತದೆ, ನಗು ಬರುತ್ತದೆ. ಆಮೇಲೆ ನೀವು ತಾಳ ಹಾಕಿ ರೆಕಾರ್ಡ್ ಮಾಡಿ ಕಳಿಸಿ. ಅಜ್ಜಿ ಅದನ್ನು ಕೇಳಿಕೊಂಡು ತಮಗೆ ಬರುವ ಹಾಡೊಂದನ್ನು ಹಾಡಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ನಿಮಗೆ ಕಳಿಸಲಿ. ಅಜ್ಜಿಗೆ ಎರಡು ದಿನ ಬೇಕಾದರೆ, ಕಾಯಿರಿ.